ಹನ್ನೆರಡನೇ ಪಿನ್

ನನ್ನ ಎಣಿಕೆ ತಪ್ಪುವುದಿಲ್ಲ. ಮೂವತ್ತನಾಲ್ಕು ವರ್ಷ ಈ ಮಾತನ್ನು ಹೇಳಿಕೊಂಡು ತಿರುಗಿದ್ದೇನೆ. ಪಾಲಿಬೆಟ್ಟದ ಈ ಕಾಫಿ ಎಸ್ಟೇಟಿಗೆ ಲೆಕ್ಕ, ಹಾಜರಿ ಬರೆಯುವ ರೈಟರ್ ಆಗಿ ಬಂದಾಗ ನನಗೆ ಇಪ್ಪತ್ತೇಳು, ಈಗ ಅರವತ್ತೊಂದು. ಯಾವ ಬ್ಲಾಕಿನಲ್ಲಿ ಎಷ್ಟು ಗಿಡ, ಎಷ್ಟು ಮೆಣಸಿನ ಬಳ್ಳಿ, ಎಷ್ಟು ಗುಂಡಿ ಖಾಲಿ ಎಂದು ಧಣಿ ಬೋಜಪ್ಪನವರು ಯಾವಾಗ ಕೇಳಿದರೂ ಪುಸ್ತಕ ನೋಡದೆ ಹೇಳುತ್ತಿದ್ದೆ. ಅವರು ನೆಂಟರ ಮುಂದೆ ನನ್ನನ್ನು ಕರೆದು ನಿಲ್ಲಿಸಿ ಕೇಳುವುದೂ ಇತ್ತು. ನಾನು ಎದೆಯುಬ್ಬಿಸಿ ಹೇಳುವುದೂ ಇತ್ತು.

ಗಿಡ ಎಣಿಸುವುದಕ್ಕೆ ಒಂದು ಕ್ರಮವಿದೆ. ಮೊದಲ ಸಾಲಿನಲ್ಲಿ ಎಣಿಸುತ್ತ ಇಳಿಯಬೇಕು. ತುದಿ ಮುಟ್ಟಿದ ಮೇಲೆ ಅಲ್ಲೇ ತಿರುಗಿ ಪಕ್ಕದ ಸಾಲಿನಲ್ಲಿ ಎಣಿಸುತ್ತ ಹತ್ತಬೇಕು. ಹತ್ತು ಗಿಡದ ಸಾಲಾದರೆ ಹತ್ತನೆಯದು ಕೆಳತುದಿಯಲ್ಲಿ, ಅದರ ಪಕ್ಕದ್ದು ಹನ್ನೊಂದು, ಹನ್ನೊಂದರ ಮೇಲಿನದು ಹನ್ನೆರಡು. ಇಳಿಜಾರಿನಲ್ಲಿ ಸುಮ್ಮನೆ ಮೇಲೆ ಹತ್ತಿ ಬಂದು ಎರಡನೇ ಸಾಲನ್ನು ಮತ್ತೆ ಮೇಲಿನಿಂದ ಶುರು ಮಾಡುವವನು ತಿಳಿಗೇಡಿ, ಅವನಿಗೆ ಸಂಜೆಯೊಳಗೆ ಮಂಡಿ ಹಿಡಿಯುತ್ತದೆ. ನಮ್ಮ ಕಡೆಯ ಎಸ್ಟೇಟುಗಳಲ್ಲಿ ನಾನು ಕಂಡ ರೈಟರುಗಳೆಲ್ಲ ಹೀಗೇ ಎಣಿಸುತ್ತಿದ್ದರು.

ಇದನ್ನು ಇಷ್ಟು ಬಿಡಿಸಿ ಯಾಕೆ ಹೇಳುತ್ತಿದ್ದೇನೆ ಎಂದರೆ, ಚೋಮಿ ಸತ್ತದ್ದು ಈ ಎಣಿಕೆಯಿಂದ. ಎಣಿಕೆಯಿಂದ ಮಾತ್ರ ಅಲ್ಲ. ಅದನ್ನೂ ಹೇಳುತ್ತೇನೆ.

ಚೋಮಿ ಮತ್ತು ಅವಳ ಗಂಡ ಕಾಳ ನಾನು ಬರುವ ಮೊದಲೇ ಈ ಎಸ್ಟೇಟಿನ ಲೈನಿನಲ್ಲಿ, ಕೂಲಿಯವರ ಸಾಲುಮನೆಯಲ್ಲಿ, ಇದ್ದವರು. ಕಾಳ ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಚೋಮಿಯೇ ಆಡುತ್ತಿದ್ದಳು. ನಾನು ಗಿಡ ಎಣಿಸುತ್ತ ಹೋಗುವಾಗ ಹಿಂದಿನಿಂದ ಬಂದು, "ರೈಟ್ರೇ, ನನ್ ತಲೆಕೂದ್ಲು ಎಷ್ಟು ಅಂತ ಒಂದ್ಸಲ ಹೇಳಿ ನೋಡುವಾ" ಎಂದು ಎಣಿಕೆ ತಪ್ಪಿಸಲು ನೋಡುತ್ತಿದ್ದಳು. ನಾನು ಬೈಯುತ್ತಿದ್ದೆ. ಅವಳು ನಗುತ್ತಿದ್ದಳು. ಎಣಿಕೆ ಮಾತ್ರ ಒಂದು ದಿನವೂ ತಪ್ಪಿರಲಿಲ್ಲ.

ಲೈನಿನಿಂದ ತೋಟಕ್ಕೆ ಹೋಗುವ ದಾರಿಯ ಪಕ್ಕದಲ್ಲಿ ಆನೆ ಕಂದಕ ಒಂದು ಕಡೆ ಕುಸಿದು ಕಂಡಿಯಾಗಿದೆ. ಆನೆಗಳು ಬರುವುದು ಅಲ್ಲಿಂದಲೇ. ಎಷ್ಟು ಸಲ ಅಗೆದು ಸರಿಮಾಡಿದರೂ ಮಳೆಗಾಲ ಕಳೆಯುವುದರೊಳಗೆ ಮತ್ತೆ ಕುಸಿಯುತ್ತಿತ್ತು. ಹಾಗಾಗಿ ಬೆಳಗ್ಗೆ ಕೆಲಸಕ್ಕೆ ಹೊರಡುವ ಮೊದಲು ಕಾಳ ಎಣ್ಣೆ ಡಬ್ಬವೊಂದನ್ನು ಬಡಿಯುತ್ತ ಮುಂದೆ ನಡೆಯುವುದು, ಕಂಡಿಯ ಬಳಿ ನಿಂತು ಸ್ವಲ್ಪ ಹೊತ್ತು ಕಿವಿಗೊಡುವುದು, ಆಮೇಲೆ ಉಳಿದವರು ಹೋಗುವುದು ರೂಢಿ. ದಿನಾ ಕಾಲು ಗಂಟೆ ಇದರಲ್ಲೇ ಹೋಗುತ್ತಿತ್ತು. ನನಗೆ ಮೈ ಉರಿಯುತ್ತಿತ್ತು.

ಆಗ ನೆನಪಾದವಳು ಅಮೃತಾ. ಸೋಮವಾರಪೇಟೆಯಲ್ಲಿರುವ ನನ್ನ ತಮ್ಮ ಮಲ್ಲಪ್ಪನ ಮಗಳು. ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಇನ್‌ಸ್ಟ್ರಕ್ಟರ್. ನನಗೆ ಮಕ್ಕಳಿಲ್ಲ. ಮಗಳು ಎಂದರೆ ಅವಳೇ. ಆನೆಯ ವಿಷಯ ಹೇಳಿದಾಗ ಕಣ್ಣರಳಿಸಿ ಕೇಳಿದಳು. ಎರಡು ತಿಂಗಳು ರಜೆಯ ದಿನಗಳಲ್ಲೆಲ್ಲ ಕೂತು ಒಂದು ಪೆಟ್ಟಿಗೆ ಮಾಡಿ ತಂದಳು.

ಕಂಡಿಯ ಎರಡು ಬದಿಗೆ ಎರಡು ಗೂಟ. ಒಂದರಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣದ ಬೆಳಕಿನ ಗೆರೆ. ಆನೆಯೋ ಮನುಷ್ಯನೋ ಆ ಗೆರೆಗೆ ಅಡ್ಡ ಬಂದರೆ, ದಾರಿಯ ಪಕ್ಕದ ಕಂಬದಲ್ಲಿರುವ ಪೆಟ್ಟಿಗೆಗೆ ಗೊತ್ತಾಗುತ್ತದೆ, ಪೆಟ್ಟಿಗೆ ಸೈರನ್ ಕೂಗಿಸುತ್ತದೆ. ಪೆಟ್ಟಿಗೆಯೊಳಗೆ ಅಂಗೈಯಗಲದ ಒಂದು ಹಸಿರು ಬೋರ್ಡ್. ಅದರ ಅಂಚಿನಲ್ಲಿ ಎರಡು ಸಾಲು ತೂತುಗಳಿದ್ದ ಕಪ್ಪು ಪಟ್ಟಿ, ಸಾಲಿಗೆ ಹತ್ತರಂತೆ ಇಪ್ಪತ್ತು. "ಇದು ಎಕ್ಸ್‌ಪ್ಯಾನ್ಶನ್ ಸಾಕೆಟ್ ದೊಡ್ಡಪ್ಪ. ಹೊರಗಿನ ಸಾಮಾನನ್ನೆಲ್ಲ ಬೋರ್ಡಿಗೆ ಸೇರ್ಸೋದು ಇಲ್ಲೇ. ಈ ಒಂದೊಂದು ತೂತೂ ಒಂದೊಂದು ಪಿನ್, ಒಂದೊಂದಕ್ಕೂ ಒಂದೊಂದು ಕೆಲ್ಸ" ಎಂದಿದ್ದಳು. ನಾನು ಹೂಂಗುಟ್ಟಿದೆ. ಯಾವ ಪಿನ್ ಎಲ್ಲಿ ಎಂದು ಕಾಗದದಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿಯೂ ಇದ್ದಳು. ನಾನು ಅದನ್ನು ಒಂದು ದಿನವೂ ಓದಲಿಲ್ಲ.

ಡಿಸೆಂಬರಿನಲ್ಲಿ ಪೆಟ್ಟಿಗೆ ಎರಡು ಸಲ ಕೂಗಿತು. ಎರಡು ಸಲವೂ ಆನೆ ಬಂದದ್ದು ನಿಜ. ಬೋಜಪ್ಪನವರು ಅಮೃತಾಳನ್ನು ಮನೆಗೆ ಕರೆಸಿ ಊಟ ಹಾಕಿಸಿದರು. ನಾನು ಕಾಳನ ಕೈಯಿಂದ ಡಬ್ಬ ಕಿತ್ತುಕೊಂಡು ಸ್ಟೋರಿನಲ್ಲಿಟ್ಟೆ.

"ಇನ್ನು ಇದರ ರಗಳೆ ಬೇಡ. ಸೈರನ್ ಕೂಗಿದ್ರೆ ನಿಲ್ಲಿ, ಕೂಗಿಲ್ಲ ಅಂದ್ರೆ ನಡೀರಿ" ಎಂದೆ.

ಜನವರಿ, ಕಾಫಿ ಹಣ್ಣು ಕೊಯ್ಯುವ ಪಿಕಿಂಗಿನ ಭರ. ಒಂದು ಶುಕ್ರವಾರ ಮಧ್ಯಾಹ್ನ ಆ ದಾರಿಯಲ್ಲಿ ಬರುವಾಗ ಪೆಟ್ಟಿಗೆಯ ಸಂದಿನಿಂದ ಇರುವೆಗಳು ಸಾಲಾಗಿ ಇಳಿಯುತ್ತಿದ್ದವು. ಬೀಗ ತೆಗೆದು ನೋಡಿದರೆ ಒಳಗೆ ಗೂಡು ಕಟ್ಟಿವೆ, ಮೊಟ್ಟೆಯನ್ನೂ ಇಟ್ಟಿವೆ. ಮುಚ್ಚಳದ ಕಾಗದ ತೇವಕ್ಕೆ ಕೊಳೆತು, ಇರುವೆ ತಿಂದು ಅಕ್ಷರ ಉಳಿದಿರಲಿಲ್ಲ. ಹುಡುಗಿ ಕಷ್ಟಪಟ್ಟು ಮಾಡಿದ್ದು ಹಾಳಾದೀತೆಂದು ಒಂದು ಕಡ್ಡಿ ತೆಗೆದುಕೊಂಡು ಗೂಡನ್ನು ಕೆದಕಿದೆ. ಇರುವೆಯ ಜೊತೆಗೆ ಹಳದಿ ವೈರೊಂದು ಸಾಕೆಟ್ಟಿನಿಂದ ಕಿತ್ತು ಹೊರಗೆ ಬಂತು.

ಅಮೃತಾಳಿಗೆ ಫೋನ್ ಮಾಡಿದೆ. ಲ್ಯಾಬಿನಲ್ಲಿದ್ದಳು, ಹಿಂದೆ ಮಕ್ಕಳ ಗಲಾಟೆ.

"ಹಳದೀದಾ? ಅದು ಸೈರನ್ನಿಂದು ದೊಡ್ಡಪ್ಪ. ಹನ್ನೆರಡನೇ ಪಿನ್‌ಗೆ ಚುಚ್ಚಿ. ಸಾಕೆಟ್ ಮೂಲೇಲಿ ಒಂದು ಬಿಳಿ ಚುಕ್ಕೆ ಇದ್ಯಲ್ಲ, ಅದು ಒಂದನೇದು. ಅಲ್ಲಿಂದ ಎಣ್ಸಿ ಹನ್ನೆರಡು."

ಎಣಿಸು ಎಂದು ನನಗೆ ಹೇಳುತ್ತಾಳೆ! ನಗು ಬಂತು. ಬಿಳಿ ಚುಕ್ಕೆಯಿಂದ ಎಣಿಸುತ್ತ ಇಳಿದೆ, ಹತ್ತು. ತಿರುಗಿದೆ, ಹನ್ನೊಂದು, ಹನ್ನೆರಡು. ಎರಡನೇ ಸಾಲಿನ ಕೆಳಗಿನಿಂದ ಎರಡನೇ ತೂತು. ವೈರ್ ಚುಚ್ಚಿದೆ. ಗಟ್ಟಿಯಾಗಿ ಕೂತಿತು. ಬೋರ್ಡಿನ ಹಸಿರು ದೀಪ ಎಂದಿನಂತೆ ಉರಿಯುತ್ತಿತ್ತು.

"ಆಯ್ತು ಕಣವ್ವ."

"ಒಂದ್ಸಲ ಕಂಡಿ ಹತ್ರ ಹೋಗಿ ಗೆರೆಗೆ ಅಡ್ಡ ನಡೆದು ನೋಡಿ ದೊಡ್ಡಪ್ಪ. ಕೂಗುತ್ತಾ ಅಂತ. ಮರೀಬೇಡಿ."

ಫೋನ್ ಇಟ್ಟೆ. ಕಂಬದಿಂದ ಕಂಡಿಗೆ ಇಪ್ಪತ್ತೆರಡು ಹೆಜ್ಜೆ. ನಾಲ್ಕು ಗಂಟೆಯಾಗಿತ್ತು. ಕಣದಲ್ಲಿ ಹಣ್ಣಿನ ಚೀಲ ಇಳಿಸಿಕೊಂಡು ಜನ ತೂಕಕ್ಕೆ ಕಾಯುತ್ತಿದ್ದರು. ಕಂಡಿಯ ಕಡೆ ಹುಲ್ಲು ಎದೆ ಮಟ್ಟ ಬೆಳೆದಿತ್ತು, ಒಬ್ಬನೇ ಹೋಗಲು ಅಳುಕೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಎಲ್ಲಕ್ಕಿಂತ ಹೆಚ್ಚಾಗಿ, ಎಣಿಸಿದವನು ನಾನು. ಮತ್ತೆ ನೋಡುವುದೇನಿದೆ? ಪೆಟ್ಟಿಗೆಗೆ ಬೀಗ ಹಾಕಿ ಕಣಕ್ಕೆ ಹೋದೆ. ಅವಳು ಮತ್ತೆ ಫೋನ್ ಮಾಡಿ "ನಡೆದು ನೋಡಿದ್ರಾ?" ಎಂದು ಕೇಳಿದಾಗ ತಕ್ಕಡಿಯ ಮುಂದಿದ್ದೆ.

"ನೋಡ್ದೆ. ಕೂಗ್ತು" ಎಂದೆ.

ಅಲ್ಲಿ ನಿಂತವರಿಗೂ ಗಟ್ಟಿಯಾಗಿ ಹೇಳಿದೆ, "ಪೆಟ್ಟಿಗೆ ರಿಪೇರಿ ಮಾಡಿದೀನಿ. ನೋಡಿದೀನಿ, ಸರಿಯಾಗಿದೆ."

ಮರುದಿನ ಬೆಳಗ್ಗೆ ಏಳೂಕಾಲಕ್ಕೆ ಮಂಜು ಇನ್ನೂ ಕರಗಿರಲಿಲ್ಲ. ಎದುರಿನ ಸಿಲ್ವರ್ ಓಕ್ ಮರ ಕಾಣುತ್ತಿರಲಿಲ್ಲ. ನಾನು ಹಾಜರಿ ಪುಸ್ತಕ ಬಿಚ್ಚಿ ಕೂತಿದ್ದೆ. ಲೈನಿನಿಂದ ಎಲ್ಲರಿಗಿಂತ ಮುಂದೆ ಹೊರಟವಳು ಚೋಮಿ. ಸೈರನ್ ಕೂಗಲಿಲ್ಲ. ನಾವು ಕೇಳಿದ್ದು ಅವಳ ಕೂಗನ್ನು, ಅದೂ ಒಂದೇ ಸಲ. ಓಡಿಹೋಗಿ ನೋಡುವಾಗ ಆನೆ ಹೊರಟುಹೋಗಿತ್ತು. ಕಂಬವನ್ನು ಬೇರು ಸಮೇತ ಕಿತ್ತ ಹಾಗೆ ಕಿತ್ತು ಬಿಸಾಡಿತ್ತು. ಪೆಟ್ಟಿಗೆ ಒಡೆದು ವೈರುಗಳೆಲ್ಲ ಹೊರಗೆ ಬಿದ್ದಿದ್ದವು. ಚೋಮಿಯ ಬಗ್ಗೆ ನಾನು ಬರೆಯಲಾರೆ. ಅವಳ ಬುತ್ತಿ ಮಾತ್ರ ಮುಚ್ಚಳ ಬಿಚ್ಚದೆ ದಾರಿಯ ಮೇಲೆ ನೆಟ್ಟಗೆ ಕೂತಿತ್ತು.

ಮಧ್ಯಾಹ್ನದ ಹೊತ್ತಿಗೆ ಅಮೃತಾ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ. ಬೋರ್ಡಿನ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಬಟ್ಟೆಯ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಬೋಜಪ್ಪನವರೂ ಕಾಳನೂ ಲೈನಿನ ಜನರೂ ನಿಂತಿದ್ದಲ್ಲಿ ನನ್ನನ್ನು ಕೇಳಿದಳು.

"ದೊಡ್ಡಪ್ಪ, ನಿನ್ನೆ ನೀವು ಅಡ್ಡ ನಡೆದಾಗ ಕೂಗಿತ್ತು ಅಲ್ವಾ?"

ಇಲ್ಲ ಎನ್ನಬಹುದಿತ್ತು. ಆದರೆ ವೈರನ್ನು ನಾನು ಸರಿಯಾದ ಜಾಗಕ್ಕೇ ಹಾಕಿದ್ದೆ ಎಂದು ನನಗೆ ಆಗಲೂ ಗಟ್ಟಿ ನಂಬಿಕೆ. ನಡೆದಿದ್ದರೆ ಕೂಗಿಯೇ ಕೂಗುತ್ತಿತ್ತು, ಹಾಗಿರುವಾಗ ನಡೆದರೇನು ಬಿಟ್ಟರೇನು ಎಂದು ನನ್ನ ಮನಸ್ಸು ಅಷ್ಟೊತ್ತಿಗೇ ಲೆಕ್ಕ ಸರಿಮಾಡಿಕೊಂಡಿತ್ತು.

"ಕೂಗ್ತಲ್ಲವ್ವ. ನಿನ್ನೆ ಕೂಗಿದ್ದು ಇವತ್ತು ಯಾಕೆ ಕೂಗಲಿಲ್ಲ ಅಂತ ನೀನು ಹೇಳ್ಬೇಕು" ಎಂದೆ. ದನಿ ಏರಿತು. ಚೋಮಿಯನ್ನು ನೋಡಿ ಬಂದ ಸಂಕಟ ಅಮೃತಾಳ ಮೇಲೆ ತಿರುಗಿತು. "ನಿನ್ನ ಪೆಟ್ಟಿಗೆ ನಂಬಿ ಡಬ್ಬ ಬಡಿಯೋದು ನಿಲ್ಲಿಸಿದ್ದೆವು" ಎಂದೂ ಅಂದೆ. ಅದನ್ನು ನಿಲ್ಲಿಸಿದವನು ನಾನು.

ಅವಳು ಕಾಳನ ಕಾಲು ಹಿಡಿಯಲು ಬಗ್ಗಿದಳು. ಅವನು ಹಿಂದಕ್ಕೆ ಸರಿದ.

ಅಂದಿನಿಂದ ಎಲ್ಲರ ಬಾಯಲ್ಲೂ ಒಂದೇ ಮಾತು, ಆ ಹುಡುಗಿಯ ಪೆಟ್ಟಿಗೆ ಚೋಮಿಯನ್ನು ತಿಂದಿತು ಎಂದು. ಬೋಜಪ್ಪನವರು ಗೂಟಗಳನ್ನು ಕೀಳಿಸಿದರು. ಕಾಳ ಸ್ಟೋರಿಗೆ ಬಂದು ಡಬ್ಬ ತೆಗೆದುಕೊಂಡು ಹೋದ.

ಏಪ್ರಿಲಿನಲ್ಲಿ ತಮ್ಮನ ಹೆಂಡತಿ ಸುಮಿತ್ರಮ್ಮ ಫೋನ್ ಮಾಡಿದಳು. ಅಳುತ್ತಿದ್ದಳು.

"ಭಾವ, ಒಂದ್ಸಲ ಬಂದು ಹೋಗಿ. ಅವಳು ಕೆಲ್ಸಕ್ಕೆ ಹೋಗದೆ ತಿಂಗಳಾಯ್ತು. ಅದೇ ಬೋರ್ಡು, ಅದೇ ವೈರು, ಬೆಳಗ್ಗೆ ಕೂತ್ರೆ ಸಂಜೆ ತನಕ ಏಳಲ್ಲ. ಎಲ್ಲಿ ತಪ್ಪಿತು ಅಂತ ಸಿಗೋ ತನಕ ಮಕ್ಕಳ ಮುಂದೆ ನಿಲ್ಲಲ್ಲ ಅಂತಾಳೆ. ಕೆಲ್ಸ ಬಿಡ್ತೀನಿ ಅಂತ ಕಾಗದಾನೂ ಬರೆದಿಟ್ಟಿದಾಳೆ. ನಿಮ್ ಮಾತಾದ್ರೆ ಕೇಳ್ತಾಳೆ."

ಭಾನುವಾರದ ಮೊದಲ ಬಸ್ಸಿಗೆ ಹೊರಟೆ. ಬುದ್ಧಿ ಹೇಳಬೇಕು, ಆಗಿದ್ದು ಆಗಿಹೋಯಿತು, ಮಗು ನೀನು ಬೇಕೆಂದು ಮಾಡಿದ್ದಲ್ಲ ಎನ್ನಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಕ್ಷಮಿಸುವ ದೊಡ್ಡಸ್ತಿಕೆ ನನ್ನದು ಎಂದೇ ಅಂದುಕೊಂಡಿದ್ದೆ.

ಅಮೃತಾ ಕಿಟಕಿಯ ಪಕ್ಕ ಮೇಜಿನ ಮುಂದೆ ಕೂತಿದ್ದಳು. ಕೈಗಳು ಕಡ್ಡಿಯಾಗಿದ್ದವು. ಮೇಜಿನ ಮೇಲೆ ಅಂಥದೇ ಹೊಸ ಬೋರ್ಡು, ಎರಡು ಪುಟ್ಟ ಗೂಟ, ಸೈರನ್. ಗೋಡೆಯ ತುಂಬ ಕಾಗದ. ನನ್ನನ್ನು ಕಂಡು ಎದ್ದು ಕುರ್ಚಿ ಕೊಟ್ಟಳು, ತಾನು ಮಂಚದ ತುದಿಯಲ್ಲಿ ಕೂತಳು.

"ನಾನೂರು ಸಲ ನೋಡ್ದೆ ದೊಡ್ಡಪ್ಪ. ನಾನೂರು ಸಲವೂ ಕೂಗುತ್ತೆ. ನೀರು ಹಾಕಿ ನೋಡ್ದೆ, ಫ್ರಿಜ್ಜಲ್ಲಿಟ್ಟು ನೋಡ್ದೆ, ಇರುವೆ ಬಿಟ್ಟೂ ನೋಡ್ದೆ. ಶುಕ್ರವಾರ ನಿಮಗೆ ಕೂಗಿದ್ದು ಶನಿವಾರ ಚೋಮಕ್ಕನಿಗೆ ಯಾಕೆ ಕೂಗಲಿಲ್ಲ? ಆ ಒಂದು ರಾತ್ರೀಲಿ ಏನೋ ಆಗಿದೆ. ಅದು ಏನು ಅಂತ ನಂಗೆ ಸಿಗ್ತಿಲ್ಲ."

"ಬಿಟ್ಬಿಡವ್ವ" ಎಂದೆ.

"ಹೇಗೆ ಬಿಡ್ಲಿ? ಸೈರನ್ನಿನ ವೈರ್ ಸಡಿಲ ಆಗಿರ್ಬೇಕು ಅಂತ ಇದನ್ನ ಎಳೆದೂ ಎಳೆದೂ ನೋಡ್ದೆ, ಬರಲ್ಲ. ನೋಡಿ."

ಪೆನ್ಸಿಲ್ಲಿನ ತುದಿಯಿಂದ ಹಳದಿ ವೈರನ್ನು ಮುಟ್ಟಿ ತೋರಿಸಿದಳು. ನಾನು ಕನ್ನಡಕ ಏರಿಸಿ ನೋಡಿದೆ. ವೈರ್ ಸಾಕೆಟ್ಟಿನ ನಡುಭಾಗದಲ್ಲಿ ಕೂತಿತ್ತು.

"ಇದು ಹನ್ನೆರಡಾ?"

"ಹೂಂ."

ಬಿಳಿ ಚುಕ್ಕೆಯಿಂದ ಮನಸ್ಸಿನಲ್ಲೇ ಎಣಿಸಿದೆ. ಇಳಿದು, ತಿರುಗಿ, ಹತ್ತಿದೆ. ಆ ತೂತಿಗೆ ಹದಿನೈದು ಬಂತು.

"ಇದು ಹದಿನೈದಲ್ವೇನವ್ವ?"

"ಇಲ್ಲ ದೊಡ್ಡಪ್ಪ. ಸಾಕೆಟ್‌ನಲ್ಲಿ ಎದುರು ಬದುರು ಎಣಿಸ್ತೀವಿ. ಈ ಸಾಲಿನ ಮೊದಲ್ನೇದು ಒಂದು, ಅದರ ಪಕ್ಕದ್ದು ಎರಡು. ಅದರ ಕೆಳಗೆ ಮೂರು, ನಾಲ್ಕು. ಹೀಗೇ ಜೋಡಿ ಜೋಡಿ ಇಳಿಯೋದು. ಆರನೇ ಜೋಡೀಲಿ ಹನ್ನೊಂದು, ಹನ್ನೆರಡು."

ಗೋಡೆಯ ಕಾಗದದಲ್ಲೂ ಹಾಗೇ ಇತ್ತು. ಒಂದು ಸಾಲಿನಲ್ಲಿ ಬೆಸ, ಇನ್ನೊಂದರಲ್ಲಿ ಸಮ.  ಹೊರಗೆ ಅಂಗಳದಲ್ಲಿ ಸುಮಿತ್ರಮ್ಮ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ಈ ಸಾಲಿನ ಕೆಳಗಿಂದ ಎರಡನೇದು ಎಷ್ಟನೇದು?"

"ಅದಾ? ಹದಿನೆಂಟು. ಅದು ಖಾಲಿ ಪಿನ್ನು. ಅದರ ಹಿಂದೆ ಏನೂ ಇಲ್ಲ. ಅಲ್ಲಿಗೆ ಏನು ಚುಚ್ಚಿದ್ರೂ ಒಂದೇ."

ಆಗ ಸುಮ್ಮನಿರಬಹುದಿತ್ತು. ಹಳೆಯ ಬೋರ್ಡು ಚೂರಾಗಿತ್ತು, ವೈರ್ ಎಲ್ಲಿತ್ತೆಂದು ಹೇಳುವವರು ನಾನಲ್ಲದೆ ಯಾರೂ ಇರಲಿಲ್ಲ. ಎಸ್ಟೇಟಿನಲ್ಲಿ ನನಗಿದ್ದದ್ದು ಎಣಿಕೆಯ ಹೆಸರೊಂದೇ. ಅದನ್ನು ಕಳೆದುಕೊಂಡು ಆ ಹಾಜರಿ ಮೇಜಿನ ಹಿಂದೆ ಹೇಗೆ ಕೂರಲಿ ಎನ್ನಿಸಿತು. ನಾಚಿಕೆಗೇಡಿನ ಯೋಚನೆ, ಆದರೆ ಬಂದದ್ದು ನಿಜ. ಅಷ್ಟರಲ್ಲಿ ಅವಳು ಮತ್ತೆ ಸ್ವಿಚ್ ಒತ್ತಿ, ಗೂಟಗಳ ನಡುವೆ ಕೈ ಆಡಿಸಿದಳು. ಸೈರನ್ ಕೂಗಿತು. ಅವಳು ಕಾಗದದಲ್ಲಿ ಇನ್ನೊಂದು ಗೀಟು ಹಾಕಿದಳು. ನಾನೂರ ಒಂದು. 

"ನಾನು ಅಲ್ಲಿಗೆ ಹಾಕಿದ್ದೆ ಕಣೆ. ಆ ಖಾಲೀದಕ್ಕೆ" ಎಂದೆ. "ಗಿಡ ಎಣಿಸೋ ಹಾಗೆ ಎಣಿಸಿದೆ."

ಅವಳು ಸಾಕೆಟ್ಟನ್ನೇ ನೋಡಿದಳು. ಪೆನ್ಸಿಲ್ ತೂತುಗಳ ಮೇಲೆ ಮೆಲ್ಲಗೆ ಇಳಿಯಿತು, ತಿರುಗಿತು, ಒಂದು ಹೆಜ್ಜೆ ಮೇಲೆ ಹತ್ತಿ ಹದಿನೆಂಟರ ಮೇಲೆ ನಿಂತಿತು. ಮುಖ ಒಂದು ಗಳಿಗೆ ಸಡಿಲವಾಯಿತು. "ನಂದೇ ತಪ್ಪು ದೊಡ್ಡಪ್ಪ. ಹೇಗೆ ಎಣಿಸ್ಬೇಕು ಅಂತ ನಾನು ಹೇಳ್ಬೇಕಿತ್ತು" ಎಂದಳು. ನನ್ನನ್ನು ಸಮಾಧಾನ ಮಾಡಲು ಅವಳ ಕೈ ಮುಂದೆ ಬರುತ್ತಿತ್ತು. ಅರ್ಧದಲ್ಲಿ ನಿಂತಿತು.

"ಆದ್ರೆ ಹದಿನೆಂಟರಲ್ಲಿದ್ರೆ ಕೂಗಕ್ಕೆ ಸಾಧ್ಯಾನೇ ಇಲ್ಲ. ಕೂಗ್ತು ಅಂದ್ರಲ್ಲ?"

"ಕೂಗಲಿಲ್ಲ. ನಾನು ನಡೆದೇ ಇರಲಿಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋಡೆಯ ಕಾಗದಗಳನ್ನು ಒಂದೊಂದಾಗಿ ನೋಡಿದಳು, ಮೂರು ತಿಂಗಳ ಗೀಟುಗಳನ್ನು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು.

"ಎಷ್ಟು ದೂರ ಇತ್ತು ದೊಡ್ಡಪ್ಪ, ಕಂಬದಿಂದ?"

"ಇಪ್ಪತ್ತೆರಡು ಹೆಜ್ಜೆ."

ಈ ಎಣಿಕೆ ಮಾತ್ರ ತಪ್ಪಿರಲಿಲ್ಲ. ಅವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸುಮಿತ್ರಮ್ಮ ಕಾಫಿ ತಂದಿಟ್ಟಳು. ಅವಳಿಗೂ ಹೇಳಿದೆ. ಅವಳು ಇಟ್ಟ ಲೋಟವನ್ನು ವಾಪಸು ಎತ್ತಿಕೊಂಡು ಹೋಗಲಿಲ್ಲ, ಅಷ್ಟೇ. ನಾನು ಕುಡಿಯದೆ ಬಸ್ಸಿಗೆ ಬಂದೆ.

ಅದೇ ಸಂಜೆ ಬೋಜಪ್ಪನವರ ಮನೆಯ ಜಗಲಿಯಲ್ಲಿ ನಿಂತು ಹೇಳಿದೆ. "ಎಂಥ ಕಲ್ಲೇಶಪ್ಪ ಇದು, ಎಂಥ ಮಾಡಿಬಿಟ್ರಿ" ಎಂದು ಎರಡು ಸಲ ಅಂದು ಒಳಗೆ ಹೋದರು. ಅಮೃತಾಳಿಗೆ ತಾವೇ ಫೋನ್ ಮಾಡಿದರಂತೆ.

ಸೋಮವಾರ ಬೆಳಗ್ಗೆ ಹಾಜರಿಗೆ ಎಲ್ಲರೂ ಸೇರಿದ್ದರು. ಪುಸ್ತಕ ಬಿಚ್ಚಲಿಲ್ಲ. ಕಾಳನ ಮುಂದೆ ಹೋಗಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ವೈರನ್ನು ತಪ್ಪು ಜಾಗಕ್ಕೆ ಹಾಕಿದವನು ನಾನು. ನಡೆದು ನೋಡಿದೆ ಎಂದು ಸುಳ್ಳು ಹೇಳಿದವನೂ ನಾನು. ಆ ಹುಡುಗಿಯದು ಏನೂ ತಪ್ಪಿಲ್ಲ.

 ಕಾಳ ಕೈಯಲ್ಲಿದ್ದ ಡಬ್ಬವನ್ನು ನೋಡಿದ. ಹೊಡೆಯಲಿ ಎಂದು ಕಾದೆ.

"ಅವತ್ತು ಮಂಜು ಜಾಸ್ತಿ ಇತ್ತು ರೈಟ್ರೇ" ಎಂದ. "ಡಬ್ಬ ಇಲ್ದೆ ಹೋಗಕ್ಕೆ ಹೆದ್ರಿಕೆ ಆಯ್ತದೆ ಅಂತ ಚೋಮಿ ಹೇಳಿದ್ಲು. ರೈಟ್ರು ನೋಡವ್ರೆ, ಅವ್ರು ನೋಡಿದ್ಮೇಲೆ ಮುಗೀತು, ನೀ ನಡಿ ಅಂತ ನಾನೇ ಕಳ್ಸಿದ್ದು."

ಅಷ್ಟು ಹೇಳಿ ಅವನು ಡಬ್ಬ ಬಡಿಯುತ್ತ ದಾರಿಗೆ ಇಳಿದ. ಉಳಿದವರು ಅವನ ಹಿಂದೆ ಹೋದರು. ನಾನು ಹಾಜರಿ ಪುಸ್ತಕದ ಮುಂದೆ ಕೂತು, ಆ ಸದ್ದು ಕಂಡಿಯ ಬಳಿ ನಿಂತದ್ದನ್ನೂ ಮತ್ತೆ ಶುರುವಾದದ್ದನ್ನೂ ಕೇಳಿಸಿಕೊಂಡೆ.